ಸಲಮಾಂಕಾದಲ್ಲಿ ವಿದ್ಯಾರ್ಥಿಯ ಮೊದಲ ದಿನಗಳು

ವಿದೇಶ ವ್ಯಾಸಂಗವೆಂದೊಡನೆ ಇಂಗ್ಲೆಂಡ್, ಅಮೆರಿಕಗಳು ಕಣ್ಮುಂದೆ ಬಂದು ನಿಲ್ಲುವುದು ಸಹಜ. ಇಂಗ್ಲಿಷಿನ ಆಸರೆ ಅಷ್ಟಾಗಿ ದೊರೆಯದ ನಾಡಿಗೆ ತೆರಳಿದ ವಿದ್ಯಾರ್ಥಿಯ ಪಾಡೇ ಬೇರೆ. ಸ್ಪೇನ್ ದೇಶದ ಸಲಮಾಂಕಾ ನಗರವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ವಿಶ್ವವಿದ್ಯಾಲಯವು 1218ರಲ್ಲಿ ಸ್ಥಾಪಿತವಾಗಿ 2018ರಲ್ಲಿ ಎಂಟುನೂರು ವರ್ಷಗಳನ್ನು ಪೂರೈಸಿತು. ಆಂತೋನಿಯೊ ದೆ ನೆಬ್ರಿಹಾ ರಚಿಸಿದ ಸ್ಪ್ಯಾನಿಷ್ ವ್ಯಾಕರಣವು 1492ರಲ್ಲಿ ಪ್ರಕಟವಾದದ್ದೂ ಇಲ್ಲಿಯೇ. ಇಂದಿಗೂ ಆ ಭಾಷೆಯನ್ನು ಕಲಿಯಲೆಂದೇ ನಾನಾ ದೇಶಗಳ ತರುಣರು ಈ ಊರಿಗೆ ಬರುತ್ತಾರೆ.

ಊರಿನ ಅಂಚಿನಲ್ಲಿ ಹರಿಯುವ ತೋರ್ಮೆಸ್ ನದಿಯ ರೋಮನ್ ಸೇತುವೆಯ ಬಳಿ ಕಲ್ಲಿನ ಗೂಳಿಯೊಂದಿದೆ. 1554ರಲ್ಲಿ ಮುದ್ರಿತವಾದ 'ಲಾಥರಿಯೊ ದೆ ತೋರ್ಮೆಸ್' ಎಂಬ ಪ್ರಸಿದ್ಧ ಕಥೆಯಲ್ಲಿ, ತಾಯಿಯನ್ನಗಲಿ ಕುರುಡನೊಬ್ಬನ ಸೇವೆಗೆ ಹೊರಟ ಬಾಲಕನಿಗೆ ಆ ಯಜಮಾನ, ಗೂಳಿಗೆ ಕಿವಿಗೊಟ್ಟರೆ ಒಳಗಿನ ಸದ್ದು ಕೇಳಿಸುತ್ತದೆ ಎನ್ನುತ್ತಾನೆ. ಹುಡುಗ ನಂಬಿ ಕಿವಿಯಿಡುತ್ತಲೇ ಅವನ ತಲೆಯನ್ನು ಕಲ್ಲಿಗೆ ಅಪ್ಪಳಿಸುತ್ತಾನೆ. ಇಂದಿನ ವಿದ್ಯಾರ್ಥಿಯ ತಲೆಗೆ ತಗಲುವ ಕಲ್ಲುಗಳು ಬೇರೆ.

ಭಾಷೆಯ ಮಾತನ್ನೇ ಮೊದಲು ನೋಡುವುದಾದರೆ, ಕನ್ನಡಿಗನಿಗೆ ಹಲವು ಅನುಕೂಲಗಳಿವೆ. ಸ್ಪ್ಯಾನಿಷಿಗೆ ಅ, ಎ, ಇ, ಒ, ಉ ಎಂಬ ಐದೇ ಸ್ವರಗಳು. ಬಹುಮಟ್ಟಿಗೆ ಬರೆದಂತೆ ಓದು. ನಾಲಿಗೆಯನ್ನು ಹಲ್ಲಿಗೆ ತಾಗಿಸಿ 'ತ'ಕಾರ ನುಡಿಯಲು ಇಂಗ್ಲಿಷಿನವನು ಪ್ರಯಾಸಪಡುತ್ತಾನೆ, ಕನ್ನಡದ ಮಗುವಿಗೆ ಅದು ತೊಟ್ಟಿಲಲ್ಲೇ ಬಂದದ್ದು. 'ಆಬ್ಲೊ' ಎಂದರೆ 'ಮಾತನಾಡುತ್ತೇನೆ'; ಕನ್ನಡದಲ್ಲಿರುವಂತೆಯೇ 'ನಾನು' ಎನ್ನದಿದ್ದರೂ ಕ್ರಿಯಾಪದವೇ ಕರ್ತೃವನ್ನು ಸೂಚಿಸುತ್ತದೆ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬುದು ಮಾತ್ರ ಕೆಲಕಾಲ ಕಾಡುತ್ತದೆ. ಹಿಂದಿ ಕಲಿತವನಿಗೆ ಆ ಕಾಟವೂ ಹಳೆಯದೇ.

ಇಷ್ಟಿದ್ದರೂ ಮೊದಲ ತರಗತಿಯಲ್ಲಿ ಕುಳಿತವನಿಗೆ ಹತ್ತು ಮಾತುಗಳಲ್ಲಿ ಎರಡು ತಿಳಿದರೆ ಹೆಚ್ಚು. ಪುಸ್ತಕದ ಮಾತಿಗೂ ಬಾಯಿಮಾತಿನ ವೇಗಕ್ಕೂ ಅಷ್ಟು ಅಂತರ. ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಊರಿನ ಶಾಲೆಯಲ್ಲಿ ಚರ್ಚಾಸ್ಪರ್ಧೆಯ ಬಹುಮಾನ ಗಳಿಸಿದವನು, ಗೆಳೆಯರನ್ನು ನಗಿಸುತ್ತಿದ್ದವನು, ಇಲ್ಲಿ ಒಮ್ಮೆಲೇ ಇನ್ನೂರು ಶಬ್ದಗಳ ಮನುಷ್ಯನಾಗುತ್ತಾನೆ. ತನ್ನ ಬುದ್ಧಿಯೂ ಅಷ್ಟೇ ಎಂದು ಜನ ತಿಳಿದಾರೆಂಬ ಅಳುಕಿನಿಂದ, ಅರ್ಥವಾಗದ್ದಕ್ಕೂ 'ಸಿ, ಸಿ' ಎಂದು ಒಪ್ಪಿಬಿಡುತ್ತಾನೆ. ಬಾಡಿಗೆಯ ಕರಾರಿಗೂ ಹಾಗೆಯೇ ಒಪ್ಪಿದರೆ ಕಷ್ಟ. ತಲೆಯನ್ನು ಅತ್ತಿತ್ತ ವಾಲಿಸಿ 'ಆಗಲಿ' ಎನ್ನುವ ನಮ್ಮ ಸಂಜ್ಞೆಯಂತೂ ಅಲ್ಲಿಯವರಿಗೆ ತಿಳಿಯದು. 'ನೊ ಎಂತಿಯೆಂದೊ', ಅಂದರೆ 'ತಿಳಿಯಲಿಲ್ಲ', ಎಂಬ ಎರಡು ಪದಗಳನ್ನು ಸಂಕೋಚವಿಲ್ಲದೆ ಆಡಲು ಕೆಲವರಿಗೆ ತಿಂಗಳೇ ಬೇಕಾಗುತ್ತದೆ. ಬುದ್ಧಿವಂತನೆನಿಸಿಕೊಂಡವನಿಗೆ ಇನ್ನೂ ಹೆಚ್ಚು.

ಎರಡನೆಯ ತೊಡಕು ಗಡಿಯಾರದ್ದು. ಅಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯ ಊಟ ಒಂಬತ್ತರ ಮೇಲೆ. ನಡುವೆ ಅನೇಕ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಹನ್ನೆರಡೂವರೆಗೆ ಹಸಿದು ಹೊರಟವನು ಅಡಿಗೆಮನೆ ತೆರೆದಿಲ್ಲವೆಂಬ ಉತ್ತರ ಕೇಳಿ ಇದನ್ನು ಆ ಜನರ ಸೋಮಾರಿತನವೆಂದು ಭಾವಿಸುವುದುಂಟು. ಆ ಭಾವನೆ ತಪ್ಪು. ಗ್ರೀನಿಚ್ ರೇಖೆ ಸ್ಪೇನಿನ ಪೂರ್ವಭಾಗದಲ್ಲಿ ಹಾದುಹೋಗುತ್ತದೆ. ಸಲಮಾಂಕಾ ಅದರ ಪಶ್ಚಿಮಕ್ಕಿದೆ. ಆದರೂ 1940ರಲ್ಲಿ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಮಧ್ಯ ಯುರೋಪಿನೊಡನೆ ಹೊಂದಿಸಲಾಯಿತು, ಅದು ಹಾಗೆಯೇ ಉಳಿಯಿತು. ಬೇಸಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಆದುದರಿಂದ ತರಗತಿಗಳು ಆರಂಭವಾಗುವ ಸೆಪ್ಟೆಂಬರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದಲ್ಲಿ ಎರಡು ಗಂಟೆ ದಾಟಿದ ಮೇಲೆ. ಸ್ಪೇನಿನವನು ಎರಡಕ್ಕೆ ಉಣ್ಣುವುದೂ ನಮ್ಮ ರೈತ ಹೊತ್ತು ನೆತ್ತಿಗೇರಿದಾಗ ಬುತ್ತಿ ಬಿಚ್ಚುವುದೂ ಒಂದೇ ಹೊತ್ತಿನಲ್ಲಿ.

ಶಾಕಾಹಾರಿಗೆ ಊಟದ ವೇಳೆಗಿಂತ ಊಟದ್ದೇ ಚಿಂತೆ. 'ಕಾರ್ನೆ' ಎಂದರೆ ಮಾಂಸವೆಂದು ನಿಘಂಟು ಹೇಳುತ್ತದೆ. 'ಕಾರ್ನೆ ಬೇಡ' ಎಂದು ಕೇಳಿ ಪಡೆದ ತಟ್ಟೆಯಲ್ಲಿ ಹಂದಿಯ ತೊಡೆಮಾಂಸದ ಚೂರುಗಳೋ, ಪಲ್ಯದ ಮೇಲೆ ಮೀನೋ ಕಾಣಿಸಿಕೊಳ್ಳುವುದುಂಟು. ಬಡಿಸಿದವನಿಗೆ ಮೋಸದ ಉದ್ದೇಶವಿಲ್ಲ; ಅವನ ವಾಡಿಕೆಯಲ್ಲಿ 'ಹಮೋನ್' ಬೇರೆ, 'ಕಾರ್ನೆ' ಬೇರೆ. 'ತೋರ್ತಿಯಾ' ಎಂಬುದು ಅಲ್ಲಿ ಮೊಟ್ಟೆ, ಆಲೂಗಡ್ಡೆಗಳ ಅಡಿಗೆ. ಆದುದರಿಂದ ಮಾಂಸ, ಹಮೋನ್, ಮೀನು, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ನಿರಾಕರಿಸಬೇಕು. ಮಾರುಕಟ್ಟೆಯಲ್ಲಿ ಅಕ್ಕಿ, ಕಾಬೂಲಿ ಕಡಲೆ, ಮಸೂರ ಧಾರಾಳವಾಗಿ ಸಿಗುತ್ತವೆ. ಅನ್ನ ಮಾಡಿಕೊಳ್ಳಲು ಬಲ್ಲವನು ಅಲ್ಲಿ ಅರ್ಧ ಗೆದ್ದಂತೆ. ಗಂಡುಮಕ್ಕಳಿಗೆ ಅಡಿಗೆ ಕಲಿಸದ ಮನೆಗಳು ಇದನ್ನು ಗಮನಿಸುವುದು ಒಳಿತು.

ಇನ್ನು ಹೆಸರು. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರುಗಳು: ಒಂದು ತಂದೆಯ ಕಡೆಯದು, ಇನ್ನೊಂದು ತಾಯಿಯ ಕಡೆಯದು. ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಬರೆಯುವ ನಮ್ಮವನು ಅರ್ಜಿಯ ಮೂರು ಮನೆಗಳನ್ನು ತುಂಬುವಾಗ ತಂದೆಯ ಹೆಸರು ಅಡ್ಡಹೆಸರಾಗಿ ಕುಳಿತರೆ, ಪಾಸ್‌ಪೋರ್ಟಿನಲ್ಲಿ ಒಬ್ಬ, ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬ ಎಂದಾಗುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ ಇರಲು ಬಂದವನು ದೇಶ ಪ್ರವೇಶಿಸಿದ ಒಂದು ತಿಂಗಳೊಳಗೆ ವಿದೇಶೀಯರ ಗುರುತುಚೀಟಿಗೆ ಅರ್ಜಿ ಸಲ್ಲಿಸಬೇಕಾದುದರಿಂದ ಈ ಗೊಂದಲ ಸಣ್ಣದಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಎಲ್ಲೆಡೆಯೂ ಬರೆಯುವುದು ಕ್ಷೇಮ.

ಗುರುವಿನೆದುರು 'ತಾವು' ಎಂದೇ ರೂಢಿಯಾದವನಿಗೆ, ಪ್ರಾಧ್ಯಾಪಕರೇ 'ಉಸ್ತೆದ್' ಎಂಬ ಗೌರವವಾಚಕ ಬೇಡ, 'ತು' ಎನ್ನು ಎಂದಾಗ ನಾಲಿಗೆ ಏಳುವುದಿಲ್ಲ. ಅಲ್ಲಿ ಅದು ಸಲಿಗೆಯ ಸೌಜನ್ಯ, ಅಗೌರವವಲ್ಲ. ವಿಶ್ವವಿದ್ಯಾಲಯದ ಹಳೆಯ ಮುಂಭಾಗದ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಪುಟ್ಟ ಕಪ್ಪೆಯೊಂದಿದೆ. ಯಾರ ನೆರವೂ ಇಲ್ಲದೆ ಅದನ್ನು ಕಂಡವನು ಪರೀಕ್ಷೆಯಲ್ಲಿ ಪಾಸಾಗುತ್ತಾನೆಂಬ ನಂಬಿಕೆ. 'ಕಪ್ಪೆ ಸಿಕ್ಕಿತೆ?' ಎಂದು ಸಹಪಾಠಿ ಕೇಳಿದಾಗ ಇನ್ನೂರು ಶಬ್ದಗಳಲ್ಲೇ ಉತ್ತರಿಸಬಹುದು. ಎಷ್ಟೋ ಸ್ನೇಹಗಳು ಆ ಕಪ್ಪೆಯಿಂದಲೇ ಮೊದಲಾಗಿರಬೇಕು.

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಭಾರತದೊಡನೆ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆಯಾಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು. ಇಲ್ಲವಾದರೆ, ಮಗ ಎಂದಿನಂತೆ ಎರಡು ಗಂಟೆಗೇ ಫೋನ್ ಮಾಡಿದರೂ, ಐದೂವರೆಗೆ ಬರಬೇಕಾದ ಕರೆ ಬರಲಿಲ್ಲವೆಂದು ಇಲ್ಲಿ ಅವ್ವ ಆರೂವರೆಯವರೆಗೆ ಬಾಗಿಲಿಗೂ ಫೋನಿಗೂ ಓಡಾಡುತ್ತಾಳೆ.