ಹಿತ್ತಿಲ ತರಕಾರಿ ತೋಟ – ಉಳಿತಾಯ ಮತ್ತು ಗಳಿಕೆ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನೀವೆಲ್ಲರೂ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿರುವಿರಿ. ಕೈಯನ್ನು ಕೆಸರು ಮಾಡಿಕೊಂಡು ಅದರ ಅರ್ಥವನ್ನು ತಿಳಿದವರು ಮಾತ್ರ ಕಡಮೆ. ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳಲ್ಲಿ ಹಿತ್ತಿಲಿದೆ, ಬಾವಿಯಿದೆ. ಆದರೂ ಘಟ್ಟದಾಚೆಯಿಂದ ಲಾರಿಯಲ್ಲಿ ಬಂದ ತರಕಾರಿಯನ್ನು ಹಣ ಕೊಟ್ಟು ತರುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ಒಬ್ಬನಿಗೆ ದಿನಕ್ಕೆ 300 ಗ್ರಾಂ ತರಕಾರಿಯಾದರೂ ಬೇಕು. ಐದು ಮಂದಿಯ ಮನೆಗೆ ದಿನಕ್ಕೆ ಒಂದೂವರೆ ಕಿಲೋ, ತಿಂಗಳಿಗೆ 45 ಕಿಲೋ ಆಯಿತು. ಕಿಲೋಗೆ 40 ರೂಪಾಯಿಯೆಂದು ಇಟ್ಟುಕೊಂಡರೆ ಖರ್ಚು 1,800 ರೂಪಾಯಿ. ಅರ್ಧದಷ್ಟನ್ನು ಹಿತ್ತಿಲಲ್ಲೇ ಬೆಳೆದರೂ ತಿಂಗಳಿಗೆ 900 ರೂಪಾಯಿ ಉಳಿಯುತ್ತದೆ. ಕೂಲಿಯಿಂದಲೇ ಸಾಗುವ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಮಕ್ಕಳ ಪುಸ್ತಕ, ಬಟ್ಟೆಗಳಿಗೆ ಒದಗುವ ಹಣ.

ಸ್ಥಳ ಮತ್ತು ಮಣ್ಣು: ಐದು ಸೆಂಟ್ಸ್, ಅಂದರೆ ಸುಮಾರು 200 ಚದರ ಮೀಟರ್ ಜಾಗವಿದ್ದರೆ ಒಂದು ಕುಟುಂಬಕ್ಕೆ ಸಾಕು. ಆದರೆ ಮೊದಲ ವರ್ಷ ಒಂದೇ ಸೆಂಟ್ಸಿನಲ್ಲಿ ಆರಂಭಿಸುವುದು ಜಾಣತನ. ಬಿಸಿಲು ಚೆನ್ನಾಗಿ ಬೀಳುವ ಜಾಗವೇ ಆಗಬೇಕು; ತೆಂಗು, ಹಲಸುಗಳ ದಟ್ಟ ನೆರಳಿನಲ್ಲಿ ಬೆಂಡೆ ಕಾಯಿ ಬಿಡದು. ನಮ್ಮ ಮುರಕಲ್ಲಿನ ಮಣ್ಣು ಹುಳಿ ಗುಣದ್ದು. ಆದುದರಿಂದ ಸೆಂಟ್ಸಿಗೆ ಸುಮಾರು ಎರಡು ಕಿಲೋ ಸುಣ್ಣವನ್ನು ಮಣ್ಣಿಗೆ ಬೆರೆಸಿ, ಹದಿನೈದು ದಿನ ಬಿಟ್ಟು ಹಟ್ಟಿಗೊಬ್ಬರ ಹಾಕಬೇಕು. ಸುಡುಮಣ್ಣು, ಒಲೆಯ ಬೂದಿಗಳು ಖರ್ಚಿಲ್ಲದ ಗೊಬ್ಬರಗಳು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು ನೆಡಬಹುದು.

ಕಾಲಕ್ಕೆ ತಕ್ಕ ಬೆಳೆ: ಮಳೆಗಾಲದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಏರಿಸಿ ಬೆಂಡೆ, ಹೀರೆ, ಮುಳ್ಳುಸೌತೆಗಳನ್ನು ಬೆಳೆಯಬೇಕು. ಮಳೆ ನಿಂತ ಮೇಲೆ ಹರಿವೆ, ಅಲಸಂಡೆ, ಸೌತೆಗಳ ಸರದಿ. ಹರಿವೆ ಒಂದು ತಿಂಗಳಲ್ಲಿ, ಬೆಂಡೆ ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ತೊಂಡೆ, ಬಸಳೆಗಳನ್ನು ಬಳ್ಳಿಯ ತುಂಡಿನಿಂದಲೇ ನೆಟ್ಟು ಚಪ್ಪರಕ್ಕೆ ಹಬ್ಬಿಸಿದರೆ ಬಹುಕಾಲ ಫಲ ಕೊಡುತ್ತವೆ. ಅಲಸಂಡೆಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಆದುದರಿಂದ ಅದರ ಕೊಯ್ಲಾದ ಮೇಲೆ ಅದೇ ಜಾಗದಲ್ಲಿ ಹರಿವೆ ಬಿತ್ತುವುದು ಒಳ್ಳೆಯದು. ಹರಿವೆಯನ್ನು ತುಳುವರು ಪದ್ಪೆ ಎನ್ನಲಿ, ಮಲಯಾಳಿಗಳು ಚೀರ ಎನ್ನಲಿ, ಕಬ್ಬಿಣದ ಅಂಶ ಅದರಲ್ಲಿ ಇದ್ದೇ ಇದೆ!

ಕೀಟಗಳ ಹತೋಟಿ: ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ನಮ್ಮ ಜಿಲ್ಲೆಗೆ ತಂದ ಸಂಕಟವನ್ನು ನಾವು ಮರೆಯುವಂತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಷೇಧಿಸಿತು. ನಮ್ಮ ಪಾತ್ರೆಗೆ ಬೀಳುವ ತರಕಾರಿಗೆ ವಿಷ ಬೇಡ. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಸಾಬೂನು ಕದಡಿ ಸೋಸಿ ಸಿಂಪಡಿಸಿದರೆ ಹೇನು, ಸಣ್ಣ ಹುಳುಗಳು ಹತೋಟಿಗೆ ಬರುತ್ತವೆ. ಹಾಗಲ, ಪಡುವಲಗಳ ಎಳೆಗಾಯಿಗೆ ಕಾಗದ ಸುತ್ತಿದರೆ ಹಣ್ಣುನೊಣದ ಕಾಟ ತಪ್ಪುತ್ತದೆ.

ಮಾರಾಟ: ಮನೆಯ ಅಗತ್ಯ ಮೊದಲು, ಮಾರಾಟ ಆಮೇಲೆ. ಹರಿವೆ, ಬಸಳೆಗಳು ಬೇಗನೆ ಬಾಡುವುದರಿಂದ ಕೊಯ್ದ ದಿನವೇ ನೆರೆಮನೆಗೋ ಹತ್ತಿರದ ಅಂಗಡಿಗೋ ಕೊಡಬೇಕು. ಬಲಿತ ಸೌತೆಯಾದರೆ ಹಾಗಲ್ಲ. ನಮ್ಮ ಹಿರಿಯರು ಅದನ್ನು ಬಾಳೆಹಗ್ಗದಲ್ಲಿ ಕಟ್ಟಿ ಮಾಡಿನಡಿ ತೂಗಹಾಕಿ ತಿಂಗಳುಗಟ್ಟಲೆ ಕಾಪಾಡುತ್ತಿದ್ದರು. ಸುಗ್ಗಿಯಲ್ಲಿ ಬೆಲೆ ಇಳಿದಾಗ ಕೊಡದೆ ಇಟ್ಟು, ಮಳೆಗಾಲದಲ್ಲಿ ಮಾರಿದರೆ ಹೆಚ್ಚು ಹಣ ಸಿಗುವುದು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟುಪುಸ್ತಕದಲ್ಲಿ ನಾಲ್ಕು ಕಂಬಗಳನ್ನು ಎಳೆಯಿರಿ: ತಾರೀಕು, ಖರ್ಚು, ಮನೆಗೆ ಬಳಸಿದ್ದು, ಮಾರಿದ್ದು. ಬೀಜದ ಬೆಲೆಯನ್ನೂ ತಂದೆತಾಯಿಯರ ದುಡಿಮೆಯ ಗಂಟೆಗಳನ್ನೂ ಬಿಡದೆ ಬರೆಯಿರಿ. ಗಣಿತ, ವಿಜ್ಞಾನಗಳೆರಡೂ ನಿಮ್ಮ ಹಿತ್ತಿಲಲ್ಲೇ ಚಿಗುರುವುದನ್ನು ಕಾಣುವಿರಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.