ಮುಟ್ಟಿದರೆ ತುರಿಸುವುದೇಕೆ?

ಬಳ್ಳಾರಿ ನಗರದಲ್ಲಿ ಹೊಲಿಯುವ ಜೀನ್ಸ್ ಷರಾಯಿಗಳನ್ನು ಅರಿಯದವರು ವಿರಳ. ಅಂಥ ಷರಾಯಿ ತೊಡುವವರಲ್ಲಿ ಕೆಲವರಿಗೆ ಹೊಕ್ಕುಳಿನ ಕೆಳಗೆ ರೂಪಾಯಿಯಗಲದ ಚರ್ಮ ಕೆಂಪೇರಿ, ತುರಿಸಿ, ನೀರೊಸರುವುದುಂಟು. ಬಟ್ಟೆಯನ್ನು ದೂರುವವರೇ ಹೆಚ್ಚು. ಹಲವು ವೇಳೆ ಅಪರಾಧಿಯಾಗಿರುವುದು ಲೋಹದ ಗುಂಡಿಯಲ್ಲಿರುವ ನಿಕಲ್.

ನಮ್ಮ ಬಿಸಿಲಿನಲ್ಲಿ ಬೆವರಿಗೆ ಬರವಿಲ್ಲವಷ್ಟೆ. ಉಪ್ಪಿನಂಶವುಳ್ಳ ಬೆವರು ಗುಂಡಿಯಿಂದ ನಿಕಲ್ ಅಯಾನುಗಳನ್ನು ಕರಗಿಸುತ್ತದೆ. ಅವು ಚರ್ಮದೊಳಕ್ಕಿಳಿದು ಅಲ್ಲಿಯ ಪ್ರೋಟೀನುಗಳೊಡನೆ ಸೇರುತ್ತವೆ. ರಕ್ತದ ಬಿಳಿಕಣಗಳಲ್ಲಿ ಟಿ-ಕಣಗಳೆಂಬ ವರ್ಗವು ಈ ಜೋಡಿಯನ್ನು ವೈರಿಯೆಂದು ಬಗೆದು ಗುರುತಿಟ್ಟುಕೊಳ್ಳುತ್ತದೆ. ಮೊದಲ ಪರಿಚಯದಲ್ಲಿ ಏನೂ ತೋರದು. ವರ್ಷಗಟ್ಟಲೆ ನಿರಪಾಯವಾಗಿದ್ದ ವಸ್ತುವೂ ಒಂದು ದಿನ ಒಗ್ಗದೆ ಹೋಗಬಹುದು. ಒಮ್ಮೆ ಮೂಡಿದ ಗುರುತು ಸಾಮಾನ್ಯವಾಗಿ ಜೀವಮಾನವಿಡೀ ಅಳಿಯದು. ಆಮೇಲಿನ ಪ್ರತಿ ಸ್ಪರ್ಶಕ್ಕೂ ಒಂದೆರಡು ದಿನ ತಡವಾಗಿ ತುರಿಕೆ ಏಳುವುದರಿಂದ, ರೋಗಿ ಅಂದಿನ ಊಟವನ್ನೋ ಸಾಬೂನನ್ನೋ ಶಂಕಿಸುತ್ತಾನೆ. ಮನೆಯವರು ಅವನ ಟವೆಲನ್ನು ಬೇರೆ ಇಡುತ್ತಾರೆ. ಇದು ಅನಾವಶ್ಯಕ, ವಸ್ತುವನ್ನು ಮುಟ್ಟಿದರೆ ಬರುವ ಈ ಬೇನೆ ರೋಗಿಯನ್ನು ಮುಟ್ಟಿದರೆ ಬಾರದು.

ಅಪರಾಧಿಯನ್ನು ಹಿಡಿಯಲು 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ಜರ್ಮನ್ ವೈದ್ಯನು ತೋರಿಸಿಕೊಟ್ಟ ಪಟ್ಟಿ ಪರೀಕ್ಷೆಯೇ ಇಂದಿಗೂ ಆಧಾರ. ಶಂಕಿತ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡುತ್ತಾರೆ. ಮತ್ತೆರಡು ದಿನ ಬಿಟ್ಟು ಪುನಃ ನೋಡುತ್ತಾರೆ. ಗುಂಡಿಯ ಪರೀಕ್ಷೆಯಂತೂ ಕಾಲೇಜಿನ ರಸಾಯನಶಾಲೆಯಲ್ಲೇ ಸಾಧ್ಯ. ಡೈಮೀಥೈಲ್ ಗ್ಲೈಆಕ್ಸೈಮ್ ದ್ರಾವಣವನ್ನೂ ಅಮೋನಿಯವನ್ನೂ ಹನಿಸಿದ ಹತ್ತಿಯಿಂದ ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಬರುತ್ತಿದೆಯೆಂದರ್ಥ. (ಭೌತವಿಜ್ಞಾನ ಬೋಧಿಸುವ ನಮಗೆ ಇಷ್ಟು ಸುಲಭದ ಪ್ರಯೋಗ ದೊರೆಯುವುದು ಅಪರೂಪ!) ಪ್ಲಾಸ್ಟಿಕ್ ಗುಂಡಿ ಹೊಲಿಸಿದರೆ ವ್ಯಾಜ್ಯ ತೀರಿತು.

ಸಿರುಗುಪ್ಪ, ಕುರುಗೋಡುಗಳ ಕಡೆಯ ರೈತನಿಗೆ ಈ ಬೇನೆ ಬಂದರೆ ಅವನ ಪಾಡು ಇಷ್ಟು ಹಗುರವಲ್ಲ. ಬದುಗಳ ಮೇಲೆ ಬೆಳೆಯುವ ಕಾಂಗ್ರೆಸ್ ಗಿಡ, ಎಂದರೆ ಪಾರ್ಥೇನಿಯಂ, ಪಾರ್ಥೇನಿನ್ ಎಂಬ ರಾಸಾಯನಿಕವನ್ನು ಹೊತ್ತಿರುತ್ತದೆ. ಒಣಗಿದ ಗಿಡದ ಪುಡಿ ಗಾಳಿಗೇರಿ ಮುಖ, ಕಣ್ಣರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ಕೂರುತ್ತದೆ. ಗುಂಡಿಯನ್ನು ಬದಲಿಸಬಹುದು, ಹೊಲವನ್ನು ಬದಲಿಸುವುದೆಂತು? ಸ್ಟೀರಾಯ್ಡ್ ಮುಲಾಮು ಉರಿಯನ್ನು ತಗ್ಗಿಸೀತು, ಟಿ-ಕಣಗಳ ನೆನಪನ್ನು ಅಳಿಸಲಾರದು. ವೈದ್ಯರ ಸಲಹೆಯಿಲ್ಲದೆ ಬಹುಕಾಲ ಹಚ್ಚಿದರೆ ಮುಖದ ಚರ್ಮ ತೆಳುವಾಗುತ್ತದೆ. ಆದುದರಿಂದ ಅವನು ತುಂಬುತೋಳಿನ ಅಂಗಿ ತೊಟ್ಟು, ಹೊಲದಿಂದ ಬಂದೊಡನೆ ಮಿಂದು ಬಟ್ಟೆ ಬದಲಿಸಬೇಕು. ಕಳೆಯನ್ನು ಹೂಬಿಡುವ ಮುನ್ನವೇ, ಈ ಬೇನೆಯಿಲ್ಲದವರು ಕಿತ್ತುಕೊಡಬೇಕು. ಶ್ರಮದಾನಕ್ಕೆ ಹೊರಡುವ ವಿದ್ಯಾರ್ಥಿಗಳು ಆ ಕೆಲಸವನ್ನು ಬರಿಗೈಯಲ್ಲಿ ಮಾಡಬಾರದು. ಕೈಚೀಲ ತೊಟ್ಟೇ ಕೀಳಬೇಕು.