ಕಂಟೇನರಿನೊಳಗಣ ಜಾಲತಾಣ

ಒಬ್ಬರ ಗಣಕದಲ್ಲಿ ಸರಾಗವಾಗಿ ನಡೆಯುವ ಜಾಲತಾಣವು ಮತ್ತೊಬ್ಬರ ಗಣಕದಲ್ಲಿ ಮುಗ್ಗರಿಸುವುದುಂಟು. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮೊದಲಾದ ತಂತ್ರಾಂಶಗಳ ಆವೃತ್ತಿಗಳು ಎರಡೆಡೆಯೂ ಒಂದೇ ಆಗಿರದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. 2013ರಲ್ಲಿ ಹೊರಬಂದ ಡಾಕರ್ ಎಂಬ ಸಾಧನವು ಈ ತೊಡಕನ್ನು ಬಿಡಿಸಲು ಸುಲಭವಾದ ದಾರಿಯನ್ನು ತೋರಿತು. ಬೇಕಾದ ತಂತ್ರಾಂಶಗಳನ್ನೂ ಅವುಗಳ ಆವೃತ್ತಿಗಳನ್ನೂ ಒಂದು ಕಡತದಲ್ಲಿ ನಮೂದಿಸಿದರೆ, ಅದನ್ನು ಪಡೆದ ಯಾರೇ ಆಗಲಿ ಅದೇ ವ್ಯವಸ್ಥೆಯನ್ನು ತಮ್ಮ ಗಣಕದಲ್ಲಿ ಕಟ್ಟಿಕೊಳ್ಳಬಹುದು. ಹೀಗೆ ಕಟ್ಟಿದ ಪ್ರತ್ಯೇಕ ಆವರಣವೇ ಕಂಟೇನರ್. ಹಡಗಿನಲ್ಲಿ ಸಾಗುವ ಸರಕಿನ ಪೆಟ್ಟಿಗೆಗೂ ಇದೇ ಹೆಸರು. ಲಿನಕ್ಸ್ ಗಣಕದಲ್ಲಿ ಇದು ಆ ಗಣಕದ ಕರ್ನೆಲನ್ನೇ ಬಳಸಿಕೊಳ್ಳುವುದರಿಂದ ಕ್ಷಣಮಾತ್ರದಲ್ಲಿ ಎದ್ದು ನಿಲ್ಲುತ್ತದೆ. ಅಷ್ಟೇ ಸುಲಭವಾಗಿ ಅಳಿದೂ ಹೋಗುತ್ತದೆ! ಕಂಟೇನರನ್ನು ತೆಗೆದುಹಾಕಿದೊಡನೆ ಅದರೊಳಗೆ ಬರೆದ ದತ್ತಾಂಶವೂ ನಾಶವಾಗುವುದು. ಆದುದರಿಂದ ದತ್ತಸಂಚಯವನ್ನು ಹೊರಗೆ, ‘ವಾಲ್ಯೂಮ್’ ಎಂಬ ಉಗ್ರಾಣದಲ್ಲಿ ಇರಿಸತಕ್ಕದ್ದು. ದಿನವೂ ತಿದ್ದುವ ಮೂಲಕಡತಗಳನ್ನಾದರೋ ನಮ್ಮ ಗಣಕದಲ್ಲಿಯೇ ಇಟ್ಟು ಕಂಟೇನರಿಗೆ ಜೋಡಿಸಿಕೊಳ್ಳುವುದು ರೂಢಿ.